ದೇರೆಬೈಲಿನ ಮಕ್ಕಳಿಗೆ ಅಳಿವೆಯೇ ಪ್ರಯೋಗಶಾಲೆ

ಮಂಗಳೂರಿನ ದೇರೆಬೈಲಿನಿಂದ ಸುಲ್ತಾನ್ ಬತ್ತೇರಿಯ ದೋಣಿಗಟ್ಟೆ ಕೆಲವೇ ಕಿಲೋಮೀಟರ್. ಅಲ್ಲಿ ಫಲ್ಗುಣಿ ನದಿಯನ್ನು ದಾಟಿದರೆ ತಣ್ಣೀರುಬಾವಿ, ಅದರಾಚೆಗೆ ಅರಬ್ಬಿ ಸಮುದ್ರ. ಇಷ್ಟು ಹತ್ತಿರದ ಕಡಲನ್ನು ನಮ್ಮ ಮಕ್ಕಳು ಓದುವುದು ಪಠ್ಯಪುಸ್ತಕದಲ್ಲಿ, ನೋಡುವುದು ರಜೆಯ ದಿನ ಪಣಂಬೂರಿನಲ್ಲಿ. ನೀರಿನ ಉಪ್ಪು, ಬಿಸಿ, ತಿಳಿತನಗಳನ್ನು ತಾವೇ ಅಳೆಯದೆ ಕಡಲ ವಿಜ್ಞಾನ ಮಕ್ಕಳಿಗೆ ದಕ್ಕುವುದಿಲ್ಲ. ಕಲಿಸಬಲ್ಲ ತಜ್ಞರಿಗೂ ಮಂಗಳೂರಿನಲ್ಲಿ ಕೊರತೆಯಿಲ್ಲ. 1969ರಲ್ಲಿ ಆರಂಭವಾದ ಇಲ್ಲಿನ ಮೀನುಗಾರಿಕಾ ಕಾಲೇಜು ದೇಶದಲ್ಲೇ ಮೊದಲನೆಯದು. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವೂ ನಗರದಲ್ಲಿದೆ.

ಬೇಕಾದ ಸಲಕರಣೆಗಳು ಸರಳ. 1865ರಲ್ಲಿ ಇಟಲಿಯ ಪಾದ್ರಿ, ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ ಮೆಡಿಟರೇನಿಯನ್ ಸಮುದ್ರಕ್ಕೆ ಬಿಳಿ ತಟ್ಟೆ ಇಳಿಬಿಟ್ಟು, ಅದು ಕಣ್ಮರೆಯಾಗುವ ಆಳದಿಂದ ನೀರಿನ ತಿಳಿತನವನ್ನು ಅಳೆದ. ಅದೇ ತತ್ವದ ತಟ್ಟೆಯನ್ನು ವಿಜ್ಞಾನಿಗಳು ಇಂದಿಗೂ ಬಳಸುತ್ತಾರೆ. ಹಗ್ಗಕ್ಕೆ ಗುರುತು ಹಾಕಿ ಶಾಲೆಯಲ್ಲೇ ಅದನ್ನು ತಯಾರಿಸಬಹುದು. ಇನ್ನು ಉಪ್ಪಿನ ಪಾಠ. ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ನೇತ್ರಾವತಿ ಮತ್ತು ಫಲ್ಗುಣಿ ಒಂದೇ ಅಳಿವೆಯಲ್ಲಿ ಕಡಲು ಸೇರುವ ಕಾರಣ, ಇಲ್ಲಿನ ನೀರು ಮಳೆಗಾಲದಲ್ಲಿ ಸಿಹಿಯತ್ತ, ಬೇಸಿಗೆಯಲ್ಲಿ ಉಪ್ಪಿನತ್ತ ವಾಲುತ್ತದೆ. ಉಬ್ಬರ ಇಳಿತಗಳಿಗೂ ಬದಲಾಗುತ್ತದೆ. ಒಂದೇ ಜಾಗದ ನೀರನ್ನು ಬೇರೆ ಬೇರೆ ಹೊತ್ತಿನಲ್ಲಿ ತಂದು ಹೈಡ್ರೋಮೀಟರ್‌ನಿಂದ ಅಳೆದ ಮಗುವಿಗೆ ನದಿ, ಚಂದ್ರ, ಕಡಲುಗಳ ನಂಟನ್ನು ಬಾಯಿಪಾಠ ಮಾಡಿಸಬೇಕಿಲ್ಲ. ಸಣ್ಣ ಕಣ್ಣಿನ ಬಲೆಯಲ್ಲಿ ಸಿಕ್ಕ ಪ್ಲಾಂಕ್ಟನ್‌ಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡರೆ, ಮನೆಯೂಟದ ಬೂತಾಯಿ ಮೀನಿನ ಆಹಾರವೇನೆಂಬುದು ತಿಳಿಯುತ್ತದೆ. ಮುಂಗಾರಿನಲ್ಲಿ ಆಳದ ತಣ್ಣನೆಯ ನೀರು ಪೋಷಕಾಂಶಗಳೊಂದಿಗೆ ಮೇಲೆದ್ದು ಪ್ಲಾಂಕ್ಟನ್‌ಗಳನ್ನು ಬೆಳೆಸುತ್ತದೆ ಎಂಬ ಮಾತಿಗೂ ಆಗ ಅರ್ಥ ಬರುತ್ತದೆ.

ಕಡಲು ಅಪಾಯಕಾರಿ ಎಂಬ ಹೆತ್ತವರ ಆತಂಕ ನ್ಯಾಯವಾದದ್ದೇ. ಹಾಗೆಂದು ಮಕ್ಕಳನ್ನು ದೂರ ಇಡುವುದು ಪರಿಹಾರವಲ್ಲ. ಮೊದಲ ಪಾಠಗಳು ದೋಣಿಗಟ್ಟೆಯಲ್ಲೇ ನಡೆಯಲಿ. ಬಳಿಕ ಡಿಸೆಂಬರ್-ಫೆಬ್ರವರಿಯ ಶಾಂತ ದಿನಗಳಲ್ಲಿ, ಲೈಫ್ ಜಾಕೆಟ್ ತೊಡಿಸಿ, ಹವಾಮಾನ ಮುನ್ಸೂಚನೆ ನೋಡಿ, ಅನುಭವಿ ಮೀನುಗಾರರ ಜೊತೆ ದೋಣಿ ಹತ್ತಲಿ. ಅಲೆ, ಸೆಳೆತಗಳನ್ನು ಅರಿತ ಮಗು ಅರಿಯದ ಮಗುವಿಗಿಂತ ಎಚ್ಚರದಿಂದಿರುತ್ತದೆ. ಪಠ್ಯ ಮುಗಿಸಲು ಸಮಯವಿಲ್ಲ ಎನ್ನುವ ಶಿಕ್ಷಕರ ಕಷ್ಟವೂ ನಿಜ. ಆದರೆ ಸಾಂದ್ರತೆ, ಉಷ್ಣತೆ, ಆಹಾರ ಸರಪಳಿ ಹೇಗೂ ಪಠ್ಯದಲ್ಲಿರುವ ವಿಷಯಗಳೇ; ಕಲಿಸುವ ಜಾಗ ಮಾತ್ರ ಬೇರೆ. ಮೀನುಗಾರ ಮೊಗವೀರರ ಮಕ್ಕಳಿಗೆ ಇದೆಲ್ಲ ಗೊತ್ತಿರುವುದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಗಾಳಿ, ನೀರಿನ ಬಣ್ಣ ನೋಡಿ ಮೀನಿನ ಸುಳಿವು ಹಿಡಿಯುವ ಆ ತಿಳಿವಳಿಕೆಯನ್ನು ಅಳತೆಯ ಜೊತೆ ಇಟ್ಟು ನೋಡಿದಾಗ ಎರಡೂ ಬೆಳೆಯುತ್ತವೆ. ಅಂಥ ತರಗತಿಯಲ್ಲಿ ಮೀನುಗಾರರ ಮಕ್ಕಳೇ ಉಳಿದವರಿಗೆ ಕಲಿಸಬಲ್ಲರು.

ಈ ತೀರದಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಿಷೇಧವಿದೆ. ಇಂಥ ನಿಯಮಗಳು ಏಕೆ ಬೇಕು, ಅವು ಸಾಕೇ ಎಂದು ತೂಗಿ ನೋಡಬೇಕಾದವರು ಇಂದಿನ ಮಕ್ಕಳೇ. ದೇರೆಬೈಲಿನ ಶಾಲೆಗಳು ಮೀನುಗಾರಿಕಾ ಕಾಲೇಜಿನ ನೆರವು ಕೋರಿ, ತಿಂಗಳಿಗೊಂದು ದಿನವನ್ನಾದರೂ ಅಳಿವೆಯ ಪಾಠಕ್ಕೆ ಮೀಸಲಿಡಲಿ. ಹೆತ್ತವರೂ ಜೊತೆಗೆ ಹೋಗಲಿ.