ಒಂಬತ್ತು ಸೆಕೆಂಡಿಗೊಂದು ಮನೆ

ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗ ಶುರುವಾದದ್ದು 2016ರ ನವೆಂಬರ್ 20ರಂದು. 2024ರ ನಡುಭಾಗದ ಹೊತ್ತಿಗೆ ದೇಶದ ಹಳ್ಳಿಗಳಲ್ಲಿ 2.6 ಕೋಟಿಗೂ ಹೆಚ್ಚು ಮನೆಗಳು ಪೂರ್ತಿಯಾಗಿದ್ದವು. ದಿನಕ್ಕೆ ಸುಮಾರು 9,200 ಮನೆ. ಹಗಲು ರಾತ್ರಿ, ಹಬ್ಬ ಭಾನುವಾರ, ಕೊರೊನಾ ಲಾಕ್‌ಡೌನ್ ಎಲ್ಲವನ್ನೂ ಸೇರಿಸಿ ಭಾಗಿಸಿದರೂ ಒಂಬತ್ತೂ ಚಿಲ್ಲರೆ ಸೆಕೆಂಡಿಗೊಂದು ಮನೆ.

ಸರ್ಕಾರಿ ವಸತಿಯ ಮಾತು ಬಂದಾಗಲೆಲ್ಲ ಸಿಂಗಪುರದ ಹೆಸರು ಹೇಳುವುದು ರೂಢಿ. ಅಲ್ಲಿನ ವಸತಿ ಮಂಡಳಿ 1960ರಲ್ಲಿ ಹುಟ್ಟಿ, ಮೊದಲ ಐದು ವರ್ಷಗಳಲ್ಲಿ 54 ಸಾವಿರಕ್ಕೂ ಹೆಚ್ಚು ಫ್ಲಾಟುಗಳನ್ನು ಕಟ್ಟಿ ಜಗತ್ತನ್ನು ಬೆರಗುಗೊಳಿಸಿತು. ಅದರ ಸರಾಸರಿ, 48 ನಿಮಿಷಕ್ಕೊಂದು ಫ್ಲಾಟು. ಆ ಸಾಧನೆಯನ್ನು ಕಿರಿದು ಮಾಡಲು ಈ ಮಾತು ಹೇಳುತ್ತಿಲ್ಲ. ಅಲ್ಲಿ ಕಟ್ಟಿದ್ದು ಮಂಡಳಿ, ಅದರ ಎಂಜಿನಿಯರುಗಳು, ಗುತ್ತಿಗೆದಾರರು. ನಮ್ಮ ಯೋಜನೆಯಲ್ಲಿ ಗುತ್ತಿಗೆದಾರರಿಗೆ ಪ್ರವೇಶವೇ ಇಲ್ಲ. ಮನೆ ಕಟ್ಟಿಸಿಕೊಳ್ಳಬೇಕಾದವರು ಆ ಮನೆಯವರೇ. 2.6 ಕೋಟಿ ಮನೆಗಳೆಂದರೆ 2.6 ಕೋಟಿ ಕುಟುಂಬಗಳು ಮೇಸ್ತ್ರಿಯನ್ನು ಹುಡುಕಿ, ಮರಳು ತರಿಸಿ, ಸಿಮೆಂಟನ್ನು ಕಡ ಹೇಳಿ ತಂದು, ತಾವೇ ಗಾರೆ ಹೊತ್ತವು. ನನಗೆ ದೊಡ್ಡ ಬೆರಗು ಇದೇ.

ಕೆಲಸ ನಡೆಯುವ ಬಗೆ ಹೀಗೆ. ಮಂಜೂರಾತಿ ಬಂದ ಮೇಲೆ ಎಷ್ಟೋ ಮನೆಯವರು ಹಳೆಯ ಗುಡಿಸಲನ್ನು ಕಿತ್ತು, ಪಕ್ಕದಲ್ಲೇ ಟಾರ್ಪಾಲು ಕಟ್ಟಿಕೊಂಡು ದಿನ ದೂಡುತ್ತಾರೆ. ತಳಪಾಯ ಮುಗಿದಾಗ ಪಂಚಾಯಿತಿಯವರು ಮೊಬೈಲ್ ಹಿಡಿದು ಬಂದು, ಮನೆಯೊಡತಿಯನ್ನು ಕಲ್ಲಿನ ಮುಂದೆ ನಿಲ್ಲಿಸಿ ಜಿಪಿಎಸ್ ಫೋಟೋ ತೆಗೆಯುತ್ತಾರೆ. ಅದು ಅಪ್‌ಲೋಡ್ ಆದರೆ ಮುಂದಿನ ಕಂತು. ಆಮೇಲೆ ಲಿಂಟಲ್, ಛಾವಣಿ, ಕೊನೆಗೆ ಬಾಗಿಲು ಕಿಟಕಿ ಕೂತ ಮನೆ. ಮನೆಯೊಂದಕ್ಕೆ ನಾಲ್ಕೇ ಫೋಟೋ ಎಂದಿಟ್ಟುಕೊಂಡರೂ 10 ಕೋಟಿ ದಾಟಿತು.

ಒಂದು ಮನೆಯ ಕನಿಷ್ಠ ಅಳತೆ 25 ಚದರ ಮೀಟರ್, ಅಂದರೆ 269 ಚದರ ಅಡಿ, ಅಡುಗೆಯ ಜಾಗವೂ ಸೇರಿ. ಪೇಟೆಯ ಎಷ್ಟೋ ಮನೆಗಳ ಹಾಲ್ ಇದಕ್ಕಿಂತ ದೊಡ್ಡದು. ಆದರೆ ಅಷ್ಟೂ ಮನೆಗಳ ನೆಲವನ್ನು ಅಂಚಿಗಂಚು ಜೋಡಿಸಿದರೆ 650 ಚದರ ಕಿಲೋಮೀಟರ್ ಆಗುತ್ತದೆ. 2025ರವರೆಗೆ ಇದ್ದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಇಡೀ ವ್ಯಾಪ್ತಿಗೆ ಸ್ವಲ್ಪವೇ ಕಡಿಮೆ. ಮನೆಯೊಂದಕ್ಕೆ ನರೇಗಾದಿಂದ 90 ದಿನದ ಕೂಲಿ ಕೊಡಬಹುದಿತ್ತು. ಎಲ್ಲರಿಗೂ ಅದು ಪೂರಾ ಸಂದಿದ್ದರೆ 234 ಕೋಟಿ ದಿನಗಳ ದುಡಿಮೆ. ವರ್ಷಗಳಲ್ಲಿ ಹೇಳುವುದಾದರೆ 64 ಲಕ್ಷ ವರ್ಷ.

ಇನ್ನು ಕಾಯುವವರ ಕಥೆ. ಸರದಿ ನಿಂತಿದ್ದದ್ದು 2011ರ ಸಾಮಾಜಿಕ ಆರ್ಥಿಕ ಗಣತಿಯ ಮೇಲೆ. ಮೊದಲು ಸೂರೇ ಇಲ್ಲದವರು, ನಂತರ ಗಣತಿ 'ಶೂನ್ಯ ಕೊಠಡಿ' ಎಂದು ಬರೆದುಕೊಂಡ ಮನೆಯವರು, ಆಮೇಲೆ ಒಂದು ಕೊಠಡಿ, ಎರಡು ಕೊಠಡಿಯ ಕಚ್ಚಾ ಮನೆಯವರು. ಗಣತಿಯ ವರ್ಷ ಹುಟ್ಟಿದ ಮಗು ಎಂಟನೇ ತರಗತಿಗೆ ಬರುವ ಹೊತ್ತಿಗೂ ಸರದಿ ಕರಗಿರಲಿಲ್ಲ. ನಡುವೆ 2018ರಲ್ಲಿ ಬಿಟ್ಟುಹೋದವರಿಗಾಗಿ ಇನ್ನೊಂದು ಸಮೀಕ್ಷೆ ಆಯಿತು. ಮನೆಯಲ್ಲಿ ಬೈಕೋ ಫ್ರಿಜ್ಜೋ ಇದ್ದರೆ ಹೆಸರು ಕೈಬಿಡುವ ನಿಯಮ 2024ರವರೆಗೂ ಇತ್ತು. ಕೂಲಿಗೆ ಹತ್ತಾರು ಕಿಲೋಮೀಟರ್ ಹೋಗಿಬರಲು ಹಳೆಯ ಬೈಕೊಂದನ್ನು ಇಟ್ಟುಕೊಂಡವನನ್ನು ಉಳ್ಳವನೆಂದು ಎಣಿಸಿದ್ದು ಅನ್ಯಾಯ. ಅದನ್ನು ತೆಗೆದುಹಾಕಿದ್ದು ತಡವಾದರೂ ಸರಿ.

2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಇನ್ನೂ 2 ಕೋಟಿ ಮನೆಗಳಿಗೆ ಒಪ್ಪಿಗೆ ಕೊಟ್ಟಿತು. ಗಡುವು 2029ರ ಮಾರ್ಚ್. ಐದು ವರ್ಷಕ್ಕೆ ಹಂಚಿದರೆ ಎಂಟು ಸೆಕೆಂಡಿಗೊಂದು ಮನೆ ಏಳಬೇಕು, ಮೊದಲಿಗಿಂತಲೂ ಬಿರುಸಾಗಿ. ಬಯಲು ಸೀಮೆಯ ಮನೆಗೆ ಸಿಗುವ ನೆರವನ್ನು ಮಾತ್ರ 2016ರ 1.20 ಲಕ್ಷ ರೂಪಾಯಿಯಲ್ಲೇ ಉಳಿಸಿದರು. ಚದರ ಅಡಿಗೆ 446 ರೂಪಾಯಿ. ಈ ದರಕ್ಕೆ ಗೋಡೆ, ಛಾವಣಿ, ಬಾಗಿಲು ಎಲ್ಲ ಮುಗಿಯಬೇಕು. ಕಡಿಮೆ ಬೀಳುವ ಹಣ ಯಾರ ಕೈಸಾಲದಿಂದ ಬರುತ್ತದೆ ಎಂಬ ಲೆಕ್ಕಕ್ಕೆ ಜಿಪಿಎಸ್ ಫೋಟೋದಲ್ಲಿ ಜಾಗವಿಲ್ಲ. ಸಂಪುಟ ಆ ಮೊತ್ತವನ್ನು ಈ ಸುತ್ತಿನಲ್ಲೇ ಏರಿಸಬೇಕಿತ್ತು.