ಕಳ್ಳರು ಬಿಟ್ಟುಹೋದ ಮಣಿ

ಶರ್ಕ್‌ನ ಮೀನು ಮಾರುಕಟ್ಟೆಯ ದಂಡೆಗೆ ಬಂದರೆ ಎದುರಿಗೆ ಕುವೈತ್ ಕೊಲ್ಲಿ. ನೀರಿನಾಚೆ, ಉತ್ತರದ ದಡದಲ್ಲಿರುವುದು ಸುಬಿಯಾ ಮರುಭೂಮಿ. 2019ರಲ್ಲಿ ಶೇಖ್ ಜಾಬಿರ್ ಸೇತುವೆ ತೆರೆದ ಮೇಲೆ ಕೊಲ್ಲಿಯನ್ನು ಸುತ್ತಿ ಬಳಸಿ ಹೋಗುವ ತಾಪತ್ರಯ ತಪ್ಪಿದೆ. ಚಳಿಗಾಲದಲ್ಲಿ ಡೇರೆ ಹಾಕಲು ಹೋಗುವವರಿಗೆ ಅಲ್ಲಿನ ಕಲ್ಲುಗುಪ್ಪೆಗಳು ಬರೀ ಕಲ್ಲುಗುಪ್ಪೆಗಳು. ಅವುಗಳಲ್ಲಿ ಹಲವು ಕಂಚಿನ ಯುಗದ ಗೋರಿಗಳು.

ಈ ದಡದಲ್ಲಿ ‘ರೇಷ್ಮೆ ನಗರ’ ಎಂಬ ಹೊಸ ಪಟ್ಟಣ ಕಟ್ಟುವ ಯೋಜನೆಯಿದೆ. ಬುಲ್ಡೋಜರ್ ಬರುವ ಮೊದಲು ನೆಲದಲ್ಲಿರುವುದನ್ನು ದಾಖಲಿಸಿಕೊಳ್ಳಬೇಕು. ಕುವೈತ್‌ನ ಸಂಸ್ಕೃತಿ, ಕಲೆ, ಸಾಹಿತ್ಯ ರಾಷ್ಟ್ರೀಯ ಮಂಡಳಿ ಮತ್ತು ವಾರ್ಸಾ ವಿಶ್ವವಿದ್ಯಾಲಯದ ಪುರಾತತ್ವ ತಂಡ 2007ರಿಂದ ಜೊತೆಯಾಗಿ ಆ ಕೆಲಸಕ್ಕೆ ಇಳಿದಿವೆ.

ಗೋರಿ ಅಗೆಯುವವರ ದಿನ ನಸುಕಿನಲ್ಲೇ ಶುರು. ಬಿಸಿಲಿನ ಭಯ ಒಂದು ಕಾರಣ, ಓರೆ ಬೆಳಕಿನ ಆಸೆ ಇನ್ನೊಂದು. ಸೂರ್ಯ ಕೆಳಗಿರುವಾಗ ಪ್ರತಿ ಕಲ್ಲಿಗೂ ನೆರಳು ಬಿದ್ದು, ಚೆಲ್ಲಾಪಿಲ್ಲಿಯಾಗಿ ಕಂಡದ್ದರೊಳಗಿಂದ ಕಟ್ಟಿದ ವರ್ತುಲ ಎದ್ದು ತೋರುತ್ತದೆ. ಫೋಟೋ ತೆಗೆಯುವ ಹೊತ್ತು ಅದೇ. ಆಮೇಲೆ ಕುಂಚದಿಂದ ಮರಳು ಸರಿಸುವುದು, ಅಳೆಯುವುದು, ನಕ್ಷೆ ಬರೆಯುವುದು. ಹಾರೆ ಗುದ್ದಲಿಗಿಂತ ಕರಣೆಗೇ ಕೆಲಸ ಹೆಚ್ಚು. ಗುಪ್ಪೆಯನ್ನು ಒಮ್ಮೆಗೇ ಬಿಚ್ಚುವುದಿಲ್ಲ. ಒಂದು ಭಾಗ ತೆಗೆದು ಉಳಿದದ್ದನ್ನು ಗೋಡೆಯಂತೆ ಲಂಬವಾಗಿ ನಿಲ್ಲಿಸುತ್ತಾರೆ. ಆ ಗೋಡೆಯಲ್ಲಿ ಪದರಗಳನ್ನು ಓದಬಹುದು: ಮೊದಲು ಏನು ಕಟ್ಟಿದರು, ಗಾಳಿ ಯಾವಾಗ ಮರಳು ತುಂಬಿತು, ಕಳ್ಳರು ಎಲ್ಲಿಂದ ಇಳಿದರು.

ಹೌದು, ಕಳ್ಳರು. ಸುಬಿಯಾದ ಗೋರಿಗಳಲ್ಲಿ ಬಹಳಷ್ಟನ್ನು ಹಳೆಯ ಕಾಲದಲ್ಲೇ ಸೂರೆ ಮಾಡಿದ್ದಾರೆ. ನಡುವಿನ ಕೋಣೆಯಲ್ಲಿ ಮೂಳೆಗಳು ಚದುರಿ, ಉಪ್ಪು ತಿಂದು, ಮುಟ್ಟಿದರೆ ಪುಡಿಯಾಗುವಂತಿರುತ್ತವೆ. ಆದರೆ ಕಳ್ಳನಿಗೆ ಜರಡಿ ಹಿಡಿಯುವಷ್ಟು ಪುರುಸೊತ್ತು ಇರಲಿಲ್ಲ. ಅಗೆದ ಮಣ್ಣನ್ನೆಲ್ಲ ಜರಡಿಯಾಡಿಸಿದಾಗ ಚಿಪ್ಪಿನ, ಕಲ್ಲಿನ ಪುಟ್ಟ ಮಣಿಗಳು ಉಳಿಯುತ್ತವೆ. ಗೋರಿಯ ಕಾಲ, ದೂರದ ಊರುಗಳ ನಂಟು ಹೇಳಲು ಅವು ಸಾಕ್ಷಿ. ಚಿನ್ನ ಸಿಕ್ಕೀತೆಂದು ಸುತ್ತ ನಿಂತವರಿಗೆ ಮಾತ್ರ ನಿರಾಸೆ!

ಪದರ ಓದುವ ಈ ವಿದ್ಯೆಗೆ ನಮ್ಮ ನೆಲದ ಋಣವೂ ಇದೆ. ಸುರಪುರ ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 19ನೇ ಶತಮಾನದ ನಡುವಿನಲ್ಲಿ ಜೇವರ್ಗಿಯ ಕಲ್ಲುಗೋರಿಗಳನ್ನು ಅಗೆಸಿ, ಒಳಗಿನ ಮಣ್ಣು ಮೂಳೆಗಳ ಸೀಳುನೋಟದ ಚಿತ್ರ ಬರೆದಿಟ್ಟ. ಯುರೋಪಿನಲ್ಲೇ ಆಗ ಗೋರಿ ಅಗೆತವೆಂದರೆ ಬಹುಪಾಲು ನಿಧಿಬೇಟೆ. ಸುಮಾರು ನೂರು ವರ್ಷದ ನಂತರ, 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಬೃಹತ್ ಶಿಲಾಗೋರಿಗಳನ್ನು ಅಗೆದ ಮಾರ್ಟಿಮರ್ ವೀಲರ್, ಟೇಲರನ ಆ ಚಿತ್ರವನ್ನು ಮೆಚ್ಚಿ ತನ್ನ ಪುಸ್ತಕದಲ್ಲಿ ಅಚ್ಚು ಹಾಕಿದ. ಬ್ರಹ್ಮಗಿರಿಯ ಕಲ್ಲುಚಪ್ಪಡಿ ಕೋಣೆಗಳಲ್ಲಿ ಅವನಿಗೆ ಸಿಕ್ಕಿದ್ದು ಇಡೀ ದೇಹಗಳಲ್ಲ, ಬೇರೆಲ್ಲೋ ಕೊಳೆತ ಮೇಲೆ ಆಯ್ದು ತಂದಿಟ್ಟ ಮೂಳೆಗಳು. ಜೊತೆಗೆ ಕಪ್ಪು-ಕೆಂಪು ಮಡಕೆ, ಕಬ್ಬಿಣದ ಹತಾರ.

ಮಧ್ಯಾಹ್ನದ ಮೇಲಿನ ಕೆಲಸವನ್ನು ಯಾವ ಸಿನಿಮಾವೂ ತೋರಿಸುವುದಿಲ್ಲ. ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ಹಾಕಿ ಚೀಟಿ ಬರೆಯಬೇಕು: ಯಾವ ಗೋರಿ, ಯಾವ ಪದರ, ಯಾವ ದಿನ. ಚೀಟಿ ಅದಲುಬದಲಾದರೆ ನಾಲ್ಕು ಸಾವಿರ ವರ್ಷದ ಮಣಿಗೂ ಸಂತೆಯ ಮಣಿಗೂ ವ್ಯತ್ಯಾಸವಿಲ್ಲ. ಹಾಗಾಗಿ ಒಬ್ಬರು ಬರೆದ ಚೀಟಿಯನ್ನು ಇನ್ನೊಬ್ಬರು ಓದಿ ನೋಡುವುದು ಒಳ್ಳೆಯದು.