ಬಂದರಿನ ಸುಂಕ, ಸೋಲೂರಿನ ಬಿತ್ತನೆ ಗೂಡು

ಸೋಲೂರು, ಮಾಗಡಿ, ಕುಣಿಗಲ್ ಸೀಮೆಯ ರೇಷ್ಮೆಗೆ ಒಂದು ವಿಶೇಷವಿದೆ. ಇದು ಬಿತ್ತನೆ ಗೂಡಿನ ಪ್ರದೇಶ. ಇಲ್ಲಿನ ಶುದ್ಧ ಮೈಸೂರು ತಳಿಯ ಗೂಡು ಪುಟ್ಟದು, ತುದಿ ಚೂಪು, ಬಣ್ಣ ಹಸಿರು ಬೆರೆತ ಹಳದಿ. ಅದನ್ನು ಕುದಿನೀರಿಗೆ ಹಾಕುವುದಿಲ್ಲ, ಒಳಗಿನ ಚಿಟ್ಟೆ ಜೀವಂತವಾಗಿ ಹೊರಬರಬೇಕು. ಆ ಹೆಣ್ಣು ಚಿಟ್ಟೆಯನ್ನು ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆ ರೂಪಿಸಿದ ಸಿಎಸ್‌ಆರ್-2 ಎಂಬ ಬಿಳಿಗೂಡಿನ ತಳಿಯ ಗಂಡಿನೊಂದಿಗೆ ಕೂಡಿಸಿದಾಗ ಸಿಗುವ ಮೊಟ್ಟೆಯೇ ರಾಮನಗರ, ಚನ್ನಪಟ್ಟಣ, ಕನಕಪುರಗಳ ಹುಳುಮನೆಗಳಲ್ಲಿ ಮಿಶ್ರತಳಿ ಬೆಳೆಯಾಗುತ್ತದೆ. ಹಾಗಾಗಿ ರಾಮನಗರದ ಗೂಡಿನ ಹರಾಜಿನಲ್ಲಿ ದರ ಬಿದ್ದರೆ ಅದರ ಪೆಟ್ಟು ತಡವಾಗಿಯಾದರೂ ಸೋಲೂರಿಗೆ ತಲುಪುತ್ತದೆ. ಆ ಹರಾಜಿನ ದರವೋ ಚೀನಾದಿಂದ ಬರುವ ಕಚ್ಚಾ ರೇಷ್ಮೆಯ ಬೆಲೆಗೆ ಅಂಟಿಕೊಂಡಿದೆ.

2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿತು. ಮೊದಲು ನೂರು ರೂಪಾಯಿಯ ಚೀನೀ ನೂಲು ಸುಂಕ ಸೇರಿ 130ಕ್ಕೆ ಬೀಳುತ್ತಿದ್ದರೆ, ಆಮೇಲೆ 105ಕ್ಕೆ ಸಿಗುವಂತಾಯಿತು. ಅಂದರೆ ಇಳಿಕೆ ಶೇ 19. ಕೇಳುವುದಕ್ಕೆ ದೊಡ್ಡದಲ್ಲ. ಆದರೆ ಈ ಇಳಿಕೆ ಕೆಳಗಿಳಿದಂತೆ ಹಿಗ್ಗುತ್ತದೆ. ಅದು ಹೇಗೆಂದು ತಿಳಿಯಲು ದುಂಡು ಅಂಕಿಗಳಲ್ಲಿ ಒಂದು ಲೆಕ್ಕ ಹಾಕೋಣ.

ಒಂದು ಕೆಜಿ ನೂಲಿಗೆ ಏಳು ಕೆಜಿ ಗೂಡು ಬೇಕು ಎಂದಿಟ್ಟುಕೊಳ್ಳಿ. ಈ ಪ್ರಮಾಣಕ್ಕೆ ರೇಷ್ಮೆಯವರು ರೆಂಡಿಟ್ಟಾ ಎನ್ನುತ್ತಾರೆ. ನೂಲಿನ ಬೆಲೆ ₹3,000. ಸೌದೆ, ಕೂಲಿ, ನೂಲು ಬಿಚ್ಚುವ ರೀಲರ್‌ನ ಲಾಭ ಸೇರಿ ₹550. ಉಳಿದ ₹2,450ನ್ನು ಏಳರಿಂದ ಭಾಗಿಸಿದರೆ ಗೂಡಿಗೆ ಕೆಜಿಗೆ ₹350. ಈಗ ನೂಲು ₹2,420ಕ್ಕೆ ಇಳಿಯಿತು. ಸೌದೆಯಾಗಲಿ ಕೂಲಿಯಾಗಲಿ ಇಳಿಯುವುದಿಲ್ಲ, ಆದ್ದರಿಂದ ನಷ್ಟವೆಲ್ಲ ಗೂಡಿನ ಮೇಲೆ ಬಿದ್ದು ದರ ₹267 ಆಗುತ್ತದೆ. ರೈತನಿಗೆ ಸೊಪ್ಪು, ಮೊಟ್ಟೆ, ಆಳುಗಳ ಖರ್ಚು ಕೆಜಿಗೆ ₹250 ಎಂದರೆ, ₹100 ಇದ್ದ ಉಳಿಕೆ ₹17ಕ್ಕೆ ಬಂದು ನಿಂತಿತು. ಬಂದರಿನಲ್ಲಿ ಶೇ 19 ಆಗಿದ್ದ ಇಳಿಕೆ ರೈತನ ಜೇಬಿನಲ್ಲಿ ಶೇ 83. ದರ ಏರುವವರೆಗೆ ಕಾಯೋಣವೆಂದರೆ ಗೂಡು ಕಾಯುವುದಿಲ್ಲ. ಹತ್ತು ಹನ್ನೆರಡು ದಿನಗಳಲ್ಲಿ ಚಿಟ್ಟೆ ತೂತು ಕೊರೆದು ಹೊರಬರುತ್ತದೆ, ಎಳೆ ತುಂಡಾಗುತ್ತದೆ. ಆ ವರ್ಷ ರಾಮನಗರದ ರೈತರು ಬೀದಿಗಿಳಿದದ್ದು ಇದಕ್ಕೇ.

ಸುಂಕ 2013ರಲ್ಲಿ ಶೇ 15ಕ್ಕೆ ಏರಿತು, ಮತ್ತೆ ಇಳಿಯಿತು, 2021ರಲ್ಲಿ ಶೇ 10ರಿಂದ ಪುನಃ 15ಕ್ಕೆ ಬಂತು. ಕಾಗದದ ಮೇಲೆ ಹಿಂದಕ್ಕೂ ಮುಂದಕ್ಕೂ ಹೋಗಬಲ್ಲದ್ದು ಸುಂಕ. ಹಿಪ್ಪುನೇರಳೆ ತೋಟ ಹಾಗಲ್ಲ. ಒಮ್ಮೆ ಕಿತ್ತು ಅಡಿಕೆ ಇಟ್ಟರೆ ಅಥವಾ ಜಮೀನು ಲೇಔಟಾದರೆ ಸುಂಕ ಏರಿದ ಮಾತ್ರಕ್ಕೆ ಅದು ಮರಳುವುದಿಲ್ಲ.

ರೇಷ್ಮೆಯಲ್ಲಿ ಎಷ್ಟು ಕೆಲಸ ಅಡಗಿದೆ? ಒಂದು ಕೆಜಿ ಕಚ್ಚಾ ರೇಷ್ಮೆಯ ಹಿಂದೆ ಸುಮಾರು 11 ಮಾನವ ದಿನಗಳ ದುಡಿಮೆ ಇದೆ ಎಂಬುದು ಕೇಂದ್ರ ರೇಷ್ಮೆ ಮಂಡಳಿಯ ಲೆಕ್ಕ. 2002–03ರಲ್ಲಿ ದೇಶಕ್ಕೆ ಸುಮಾರು 9,000 ಟನ್ ಕಚ್ಚಾ ರೇಷ್ಮೆ ಬಂತು. ಅಷ್ಟನ್ನೂ ಇಲ್ಲೇ ತೆಗೆಯುತ್ತಿದ್ದೆವು ಎನ್ನಲಾಗದು. ತೆಗೆದಿದ್ದರೆ ಅದು 9.9 ಕೋಟಿ ದಿನಗಳ ಕೆಲಸ. ಬಿಸಿನೀರಿನಲ್ಲಿ ಕೈ ಅದ್ದಿ, ಬೆಂದ ಗೂಡುಗಳಿಂದ ಎಳೆಯ ತುದಿ ಹುಡುಕಿ, ಎಂಟು ಹತ್ತು ಎಳೆ ಸೇರಿಸಿ ಒಂದು ನೂಲು ಮಾಡುವ ಹೆಂಗಸರ ದಿನಗಳೂ ಅದರಲ್ಲಿವೆ. ಅವರ ಬೆರಳ ತುದಿಯ ಚರ್ಮ ಸದಾ ಬೆಳ್ಳಗೆ ಸುಕ್ಕಾಗಿರುತ್ತದೆ.

ನೇಕಾರನದೂ ಹೊಟ್ಟೆಪಾಡೇ. ವಿದ್ಯುತ್ ಮಗ್ಗದ ಹಾಸುನೂಲು ಸಮನಾಗಿರಬೇಕು, ಕಡಿಯಬಾರದು, ಚೀನೀ ನೂಲು ಹಾಗಿದೆ. ಅದಕ್ಕೆ ಸರಿಗಟ್ಟಲು ನಾವು ಹಿಡಿದ ದಾರಿ ಸಿಎಸ್‌ಆರ್-2ರಂಥ ದ್ವಿತಳಿಗಳ ಗೂಡು ಮತ್ತು ನೂಲು ಬಿಚ್ಚುವ ಸ್ವಯಂಚಾಲಿತ ಯಂತ್ರ. ದ್ವಿತಳಿ ಎಳೆ ಸಾವಿರ ಮೀಟರಿನಷ್ಟು ಉದ್ದ ಬಿಚ್ಚುತ್ತದೆ, ಮೈಸೂರು ತಳಿಯದು ಅದರ ಅರ್ಧವೂ ಇಲ್ಲ. ದಾರಿ ಸರಿಯಾದದ್ದೇ, ಆಮದು ತಗ್ಗಿದೆ ಕೂಡ. ಆದರೆ ದ್ವಿತಳಿ ಮೊಟ್ಟೆಗೆ ಮೈಸೂರು ತಳಿಯ ಚಿಟ್ಟೆ ಬೇಕಿಲ್ಲ. ಆಮದು ಗೆದ್ದರೂ, ಆಮದನ್ನು ನಾವು ಗೆದ್ದರೂ ಸೋಲೂರಿನ ಬಿತ್ತನೆ ಗೂಡಿಗೆ ಬೇಡಿಕೆ ಕುಗ್ಗುತ್ತದೆ. ನನ್ನ ಆತಂಕ ಇರುವುದು ಇಲ್ಲಿ.

ಏಕೆಂದರೆ ಬಿಸಿಲು, ರೋಗ, ಒರಟು ಸೊಪ್ಪು ತಡೆದುಕೊಳ್ಳುವ ಗುಣ ಮಿಶ್ರತಳಿಗೆ ಬರುವುದು ಮೈಸೂರು ತಾಯಿಯಿಂದ. ಪ್ರತ್ಯೇಕ ಹುಳುಮನೆ, ತೇವಾಂಶದ ಹತೋಟಿ, ನೀರಾವರಿ ಇಲ್ಲದ ಸಣ್ಣ ರೈತನಿಗೆ ಬೇಸಿಗೆಯಲ್ಲಿ ದ್ವಿತಳಿ ಕೈಹಿಡಿಯುವುದು ಕಷ್ಟ. ಬೇಸಿಗೆ ಇನ್ನೂ ಬಿಸಿಯಾಗುತ್ತಿರುವ ಕಾಲದಲ್ಲಿ ನಾವು ಆ ತಾಯಿ ತಳಿಯನ್ನು ಸೊರಗಿಸುತ್ತಿದ್ದೇವೆ.

ಅದನ್ನು ಎತ್ತಿಟ್ಟುಕೊಳ್ಳುವುದೂ ಸುಲಭವಲ್ಲ. ದ್ವಿತಳಿ ಮೊಟ್ಟೆ ಸುಪ್ತಾವಸ್ಥೆಗೆ ಹೋಗುತ್ತದೆ, ಶೀತಲಗೃಹದಲ್ಲಿ ತಿಂಗಳುಗಟ್ಟಲೆ ಇಡಬಹುದು. ಮೈಸೂರು ತಳಿಗೆ ಆ ನಿದ್ದೆಯಿಲ್ಲ. ಇಟ್ಟ ಮೊಟ್ಟೆ ಹತ್ತು ದಿನದ ಆಸುಪಾಸಿನಲ್ಲಿ ಒಡೆಯುತ್ತದೆ. ಬೆಳೆಯ ಮೇಲೆ ಬೆಳೆ ಎತ್ತುತ್ತಲೇ ಇರಬೇಕು. ಹೊಸೂರಿನ ಕೇಂದ್ರ ತಳಿ ಸಂಗ್ರಹಾಲಯ ಮಾದರಿಯನ್ನು ಉಳಿಸಿಕೊಂಡೀತು, ಆದರೆ ಜಿಲ್ಲೆಗೆ ಬೇಕಾಗುವಷ್ಟು ಮೊಟ್ಟೆಗೆ ನೂರಾರು ಮನೆಗಳು, ಗಂಟು ರೋಗ ತಗಲದಂತೆ ಹುಳು ಸಾಕಬಲ್ಲ ಕೈಗಳು ಬೇಕು. ಸುಂಕದ ದರ ಮುಂದೆ ಬದಲಾಗುವಾಗ ನೂಲಿನ ಬೆಲೆ, ಸೀರೆಯ ರಫ್ತಿನ ಜತೆಗೆ ಈ ಸೀಮೆಯಲ್ಲಿ ಎಷ್ಟು ಮನೆ ಬಿತ್ತನೆ ಬೆಳೆ ಎತ್ತುತ್ತಿವೆ ಎಂಬ ಅಂಕಿಯನ್ನೂ ಮೇಜಿನ ಮೇಲಿಡಬೇಕು. ಬಿತ್ತನೆ ಗೂಡಿಗೆ ಹರಾಜಿನ ಏರಿಳಿತಕ್ಕೆ ಸಿಲುಕದ ಖಾತರಿ ದರ ಕೊಡಬೇಕು. ಮನೆಗಳು ಇನ್ನೂ ಹುಳು ಸಾಕುತ್ತಿರುವಾಗಲೇ ಇದು ಆಗಬೇಕಾದ ಕೆಲಸ.